ಗಿನಿ ಕೋಳಿ ಸಾಕಿದ್ರೆ ಉಣುಗು ಹೋಗತ್ತಾ? ಮಲೆನಾಡಲ್ಲಿ ಮರಿ ತರೋರಿಗೆ ಒಂದಿಷ್ಟು ಮಾತು

ನಾನು ಹೊಸನಗರ ತಾಲೂಕಿನವನು. ಸ್ವಲ್ಪ ಅಡಿಕೆ ತೋಟ, ನಾಲ್ಕು ದನ, ಮನೆ ಹಿಂದೆ ಸೊಪ್ಪಿನಬೆಟ್ಟ. ಐದು ವರ್ಷದಿಂದ ಗಿನಿ ಕೋಳಿ ಸಾಕ್ತಿದೀನಿ. ಈಗೀಗ ಸಾಗರ, ತೀರ್ಥಹಳ್ಳಿ ಕಡೆಯಿಂದ ಫೋನ್ ಮಾಡೋರು ಜಾಸ್ತಿ ಆಗಿದಾರೆ. ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಹುಡುಗರು, ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದವರು. ಎಲ್ಲರ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಇದನ್ನ ಸಾಕಿದ್ರೆ ಮಂಗನ ಕಾಯಿಲೆ ಬರಲ್ವಂತೆ, ಹೌದಾ?"

ಇವತ್ತು ಮರಿ ತರೋದು, ಸಾಕೋದು ಎರಡನ್ನೂ ಹೇಳ್ತೀನಿ. ಆದ್ರೆ ಈ ಪ್ರಶ್ನೆ ಮೊದಲು ಮುಗಿಸೋಣ. ಯಾಕಂದ್ರೆ ಇದರಲ್ಲಿ ತಪ್ಪು ತಿಳ್ಕೊಂಡ್ರೆ ಹೋಗೋದು ಕೋಳಿ ಅಲ್ಲ, ಜನ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ ಹೆಸರು ಹೊತ್ತ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದಾಗ ಗುರುತಾಗಿದ್ದು. ಅದಕ್ಕೇ ಕೆಎಫ್‌ಡಿ, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಹೆಸರು. ನಿಮ್ಮ ವಯಸ್ಸಿನವರಿಗೆ ನೆನಪಿರೋದು 2018ರ ಕೊನೆಗೆ, 2019ರ ಶುರುವಿಗೆ ಸಾಗರ ತಾಲೂಕಿನ ಅರಳಗೋಡಲ್ಲಿ ಆಗಿದ್ದು. ಊರಿಗೆ ಊರೇ ಜ್ವರ, ಸಾಲಾಗಿ ಸಾವು. ವೈರಸ್ ಹರಡೋದು ಉಣುಗಿನಿಂದ. ಉಣುಗಿಗೆ ಮೂರು ಹಂತ ಇದೆ: ಮೊಟ್ಟೆ ಒಡೆದು ಬರೋ ಲಾರ್ವಾ, ಆಮೇಲೆ ನಿಂಫ್, ಕೊನೆಗೆ ದೊಡ್ಡ ಉಣುಗು. ಮನುಷ್ಯರಿಗೆ ಕಾಯಿಲೆ ಅಂಟಿಸೋದು ಹೆಚ್ಚಾಗಿ ನಡುವಿನ ನಿಂಫ್. ಎಳ್ಳು ಕಾಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗಲ್ಲ. ಡಿಸೆಂಬರಿಂದ ಮೇ ತನಕ ಅದರ ಕಾಲ. ದರಗು ಗುಡಿಸೋಕೆ, ಸೊಪ್ಪು ತರೋಕೆ ಬೆಟ್ಟಕ್ಕೆ ಹೋಗೋದೂ ಅದೇ ಕಾಲದಲ್ಲಿ.

ಈಗ ಗಿನಿ ಕೋಳಿ. ಇದು ಉಣುಗು ತಿನ್ನೋದು ಸುಳ್ಳಲ್ಲ. ಅಮೆರಿಕದಲ್ಲಿ 1992ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟ ಆಯ್ತು. ಅದನ್ನ ಬರೆದ ಮೂವರಲ್ಲಿ ಒಬ್ಬರು ಕ್ರಿಸ್ಟಿ ಬ್ರಿಂಕ್ಲಿ, ಹೌದು, ಆ ಸೂಪರ್ ಮಾಡೆಲ್ಲೇ! ಗಿನಿ ಕೋಳಿ ಮೇಯೋ ಹುಲ್ಲುಹಾಸಲ್ಲಿ ದೊಡ್ಡ ಉಣುಗು ಕಡಿಮೆ ಆಗಿತ್ತು ಅಂತ ಅದರಲ್ಲಿದೆ. ಪ್ರಪಂಚದಲ್ಲೆಲ್ಲ ಓಡಾಡ್ತಿರೋ ಮಾತಿಗೆ ಬೇರು ಇದೇ. ಆದ್ರೆ ಆಮೇಲಿನ ಅಧ್ಯಯನದಲ್ಲಿ ನಿಂಫ್ ಕಡಿಮೆ ಆಗಿದ್ದು ಕಾಣಲಿಲ್ಲ. ಅಷ್ಟು ಸಣ್ಣದು ಹಕ್ಕಿ ಕಣ್ಣಿಗೆ ಬೀಳಬೇಕಲ್ಲ. ಜೊತೆಗೆ ಅಲ್ಲಿಂದು ಕತ್ತರಿಸಿದ ಹುಲ್ಲುಹಾಸು, ನಮ್ಮದು ಮೊಣಕಾಲು ಮುಚ್ಚೋ ದರಗು. ಅಲ್ಲಿನ ಉಣುಗಿನ ಜಾತಿನೂ ಬೇರೆ.

ಇನ್ನೊಂದು ವಿಷಯ ಯಾರೂ ಫಾರ್ವರ್ಡ್ ಮಾಡಲ್ಲ. ನೆಲದ ಮೇಲೆ ಮೇಯೋ ಹಕ್ಕಿಗಳಿಗೂ ಎಳೆ ಉಣುಗು ಹತ್ತತ್ತೆ. ಕಾಡುಕೋಳಿ ಮೈಮೇಲೆ ಇರತ್ತೆ ಅನ್ನೋದು ಹಳೇ ವಿಚಾರ. ಹಾಗಾದ್ರೆ ಬೆಟ್ಟಕ್ಕೆ ಹೋಗಿ ಸಂಜೆ ಅಂಗಳಕ್ಕೆ ಬರೋ ಗಿನಿ ಕೋಳಿಯ ಬೋಳು ತಲೆ, ಕುತ್ತಿಗೆ ನೋಡದೆ ಬಿಡೋ ಹಾಗಿಲ್ಲ. ನಾನು ಕೈಗೆ ಗ್ಲೌಸ್ ಹಾಕ್ಕೊಂಡೇ ಹಿಡಿಯೋದು.

ಹಾಗಂತ ಪ್ರಯೋಜನವೇ ಇಲ್ಲ ಅಂತ ನಾನು ಹೇಳಲ್ಲ. ಕಾಡಿಂದ ಬಂದ ದನದ ಮೈಮೇಲೆ ರಕ್ತ ಕುಡಿದು ಊದಿ ಕೊಟ್ಟಿಗೇಲಿ ಉದುರೋ ಉಣುಗು ಇರತ್ತಲ್ಲ, ಒಂದೊಂದು ಸಾವಿರಾರು ಮೊಟ್ಟೆ ಇಡತ್ತೆ. ಅದನ್ನ ಇವು ಹೆಕ್ಕಿ ತಿನ್ನೋದು ದಿನಾ ನೋಡ್ತೀನಿ. ಕೊಟ್ಟಿಗೆ ಸುತ್ತ ಕೆಲಸಕ್ಕೆ ಬರತ್ತೆ ಅನ್ನೋದು ನನ್ನ ಅಭಿಪ್ರಾಯ. ಬೆಟ್ಟಕ್ಕೆ ಹೋಗುವಾಗ ಮಾತ್ರ ಡೆಪಾ ಎಣ್ಣೆ ಹಚ್ಕೊಂಡು, ಮೈ ತುಂಬ ಬಟ್ಟೆ ಹಾಕ್ಕೊಂಡು, ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಬೇಕು. ಮುಂಚೆ ಕೊಡ್ತಿದ್ದ ಲಸಿಕೆ 2022ರಲ್ಲಿ ನಿಂತುಹೋಯ್ತು, ಅದರ ಪರಿಣಾಮದ ಬಗ್ಗೇನೇ ಪ್ರಶ್ನೆ ಎದ್ದಿತ್ತು. ಸತ್ತ ಮಂಗ ಕಂಡ್ರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಮಂಗ ಸತ್ತ ಜಾಗದಲ್ಲಿ ಅದರ ಮೈ ಬಿಟ್ಟ ಉಣುಗೆಲ್ಲ ನೆಲದ ಮೇಲೇ ಇರತ್ತೆ. "ನಮ್ಮನೇಲಿ ಗಿನಿ ಕೋಳಿ ಇದೆ" ಅಂತ ಎಣ್ಣೆ ಹಚ್ಚೋದು ಬಿಟ್ಟವರನ್ನ ನಾನು ನೋಡಿದೀನಿ. ಅವರಿಗೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಇಷ್ಟು ಹೊತ್ತು.

ಸರಿ, ಇಷ್ಟು ಗೊತ್ತಿದ್ದೂ ಸಾಕ್ತೀನಿ ಅನ್ನೋರು ಮುಂದೆ ಕೇಳಿ.

ಮೂಲ ಇದರದ್ದು ಆಫ್ರಿಕಾ. ಕಪ್ಪು ಬೂದು ಮೈ ತುಂಬ ಬಿಳಿ ಚುಕ್ಕೆ ಇರೋದು ಸಾಮಾನ್ಯ. ಉತ್ತರಪ್ರದೇಶದ ಇಜ್ಜತ್‌ನಗರದಲ್ಲಿ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಮೂರು ತಳಿ ಮಾಡಿದಾರೆ: ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ. "ಕಾದಂಬರಿ ಇದೆಯಾ" ಅಂತ ಕೇಳಿದ್ರೆ ನಮ್ಮ ಕಡೆ ಲೈಬ್ರರಿ ದಾರಿ ತೋರಿಸ್ತಾರೆ, ಅದು ಬೇರೆ ಮಾತು.

ಮರಿ ಯಾವಾಗ ತರಬೇಕು? ಮಲೆನಾಡಿಗೆ ಇದೇ ದೊಡ್ಡ ಲೆಕ್ಕ. ಇವು ವರ್ಷಪೂರ್ತಿ ಮೊಟ್ಟೆ ಇಡಲ್ಲ. ಬೇಸಿಗೆ ಕಾಲಿಟ್ಟಾಗ ಶುರು, ಮಳೆಗಾಲ ಮುಗಿಯೋವಾಗ ನಿಲ್ಲತ್ತೆ. ಹಾಗಾಗಿ ಮಾರೋರ ಹತ್ರ ಮರಿ ಧಾರಾಳ ಸಿಗೋದು ಜೂನ್, ಜುಲೈನಲ್ಲಿ. ನಮಗೆ ಬೇಡದ ತಿಂಗಳು ಅದೇ! ಈ ಮರಿಗೆ ಥಂಡಿಗಿಂತ ದೊಡ್ಡ ಶತ್ರು ಒದ್ದೆ. ಇಬ್ಬನಿ ಹುಲ್ಲಲ್ಲಿ ಅರ್ಧ ಗಂಟೆ ಓಡಾಡಿದ್ರೂ ಸಾಯತ್ತೆ. ಆಗುಂಬೆ ಮಳೆ, ಮಾಸ್ತಿಕಟ್ಟೆ ಮಳೆ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಮಾರ್ಚ್ ಕೊನೆ, ಏಪ್ರಿಲ್ ಶುರುವಿಗೆ ತನ್ನಿ. ಜೂನ್ ಮಳೆ ಹಿಡಿಯೋ ಹೊತ್ತಿಗೆ ಎಂಟು ವಾರ ಆಗಿರತ್ತೆ, ಪುಕ್ಕ ಬಲಿತಿರತ್ತೆ. ಆ ಟೈಮಲ್ಲಿ ಮರಿ ಸಿಕ್ಕಿಲ್ಲ ಅಂದ್ರೆ ಮುಂದಿನ ವರ್ಷಕ್ಕೆ ಕಾಯಿರಿ. ಆಷಾಢದಲ್ಲಿ ಅಗ್ಗಕ್ಕೆ ಸಿಕ್ತು ಅಂತ ತರಬೇಡಿ.

ಕೊಳ್ಳುವಾಗ ಒಂದು ಮೋಸ ಗೊತ್ತಿರಲಿ. "ಜೋಡಿ ಲೆಕ್ಕ, ಒಂದು ಗಂಡು ಒಂದು ಹೆಣ್ಣು" ಅಂತ ದಿನದ ಮರಿ ಮಾರ್ತಾರೆ. ಕಣ್ಣಲ್ಲಿ ನೋಡಿ ದಿನದ ಮರೀಲಿ ಗಂಡು ಹೆಣ್ಣು ಹೇಳೋಕಾಗಲ್ಲ. ಎರಡು ತಿಂಗಳ ಆಸುಪಾಸಲ್ಲಿ ಕೂಗಿನಿಂದ ಗೊತ್ತಾಗತ್ತೆ. ಹೆಣ್ಣು ಎರಡು ಪೆಟ್ಟಿನ ಕೂಗು ಹಾಕತ್ತೆ, ಗಂಡಿಗೆ ಅದು ಬರಲ್ಲ, ಬರೀ ಒಂದೇ ಪೆಟ್ಟು. ಹೆಣ್ಣು ಹೆದರಿದಾಗ ಗಂಡಿನ ಹಾಗೂ ಕೂಗತ್ತೆ, ಹಾಗಾಗಿ ಸುಮ್ಮನೆ ಮೇಯುವಾಗ ಕೇಳಿಸ್ಕೊಳ್ಳಿ. ಹತ್ತು ಹದಿನೈದು ಮರಿ ಒಟ್ಟಿಗೆ ತಂದ್ರೆ ಎರಡೂ ಸಿಕ್ಕೇ ಸಿಗತ್ತೆ. ಎರಡು ಮೂರು ಮಾತ್ರ ತರಬೇಡಿ, ಗುಂಪಿಲ್ಲದೆ ಬದುಕೋ ಹಕ್ಕಿ ಅಲ್ಲ ಇದು. ಕಾಲು ನೆಟ್ಟಗಿದೆಯಾ, ಹೊಕ್ಕುಳು ಒಣಗಿದೆಯಾ, ಹಿಂಭಾಗ ಅಂಟಂಟಾಗಿದೆಯಾ ನೋಡಿ. ದೂರದಿಂದ ಬಸ್ಸಲ್ಲಿ ಡಬ್ಬಿ ಕಳಿಸ್ತೀವಿ ಅಂದ್ರೆ ಒಪ್ಪಬೇಡಿ. ನೀವೇ ಹೋಗಿ ತನ್ನಿ.

ಮೊದಲ ವಾರ ಗೂಡೊಳಗೆ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸ್ತಾ ಹೋಗಿ. ಥರ್ಮಾಮೀಟರ್ ಇಲ್ಲ ಅಂದ್ರೂ ಪರವಾಗಿಲ್ಲ, ಮರಿ ನೋಡಿ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ರೆ ಚಳಿ, ದೂರ ಹೋಗಿ ಬಾಯಿ ಕಳೆದಿದ್ರೆ ಸೆಕೆ. ಗೂಡಿನ ಮೂಲೆಗೆ ರಟ್ಟು ಬಾಗಿಸಿ ಇಟ್ಟು ದುಂಡಗೆ ಮಾಡಿ, ಇಲ್ಲಾಂದ್ರೆ ಹೆದರಿದಾಗ ಮೂಲೆಗೆ ನುಗ್ಗಿ ಉಸಿರುಕಟ್ಟಿ ಸಾಯತ್ತೆ. ಕೆಳಗೆ ಪೇಪರ್ ಹಾಕಬೇಡಿ, ಜಾರಿ ಕಾಲು ಅಗಲ ಆಗತ್ತೆ. ಒಣ ಉಮಿ ಹಾಕಿ, ಒದ್ದೆ ಆದಷ್ಟೂ ಬದಲಾಯಿಸಿ. ಇನ್ನು ಕರೆಂಟು! ಮೊದಲ ಮಳೆ ಗುಡುಗಿಗೆ ನಮ್ಮಲ್ಲಿ ಕರೆಂಟು ಹೋದ್ರೆ ಯಾವಾಗ ಬರತ್ತೋ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ನಡುವೆ ಇಡಿ. ಕೆಂಡದ ಮಡಿಕೆ ಇಡೋರಿದಾರೆ, ಮುಚ್ಚಿದ ಜಾಗದಲ್ಲಿ ಹೊಗೆಗೇ ಮರಿ ಹೋಗತ್ತೆ, ಬೇಡ.

ನೀರಿನ ತಟ್ಟೇಲಿ ಮುಳುಗಿ ಸಾಯೋದು ಬಹಳ. ಆಳ ಇಲ್ಲದ ತಟ್ಟೆಗೆ ಹೊಳೆಕಲ್ಲು ಹಾಕಿ, ಕೊಕ್ಕು ಹೋಗೋಷ್ಟೇ ನೀರು ಇರಲಿ. ತಿಂಡಿಗೆ ನಾಟಿ ಕೋಳಿ ಹಾಗೆ ಬರೀ ಅಕ್ಕಿ ನುಚ್ಚು ಹಾಕಿದ್ರೆ ಆಗಲ್ಲ. ಮೊದಲ ನಾಲ್ಕು ವಾರ ಫೀಡಲ್ಲಿ ಪ್ರೋಟೀನ್ ಶೇಕಡ 24ರ ಹತ್ರ ಇರಬೇಕು. ಅಂಗಡೀಲಿ ಸಿಗೋ ಬ್ರಾಯ್ಲರ್ ಪ್ರೀ-ಸ್ಟಾರ್ಟರ್ ತಂದು, ಜೊತೆಗೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಹಾಕಿ. ನಮ್ಮ ಅತ್ತಿಗೆ ಗೆರಟೆಗೆ ಸಗಣಿ ಮೆತ್ತಿ ತೋಟದಲ್ಲಿ ಮಗುಚಿ ಇಡ್ತಾರೆ. ಮಾರನೇ ದಿನ ಗೆದ್ದಲು ತುಂಬಿರತ್ತೆ, ಮರಿಗಳಿಗೆ ಹಬ್ಬ. ಕೊಕ್ಕರೆ ರೋಗದ ಲಸಿಕೆ ಮರೀಬೇಡಿ, ಪಶು ಆಸ್ಪತ್ರೇಲಿ ಕೇಳಿ ಹಾಕಿಸಿ. ಗೊಂದಲ ಇದ್ರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ಮೊಟ್ಟೆ ತಂದು ನಾಟಿ ಕೋಳಿಗೆ ಕಾವು ಕೂರಿಸೋದು ನನ್ನ ಮಟ್ಟಿಗೆ ಒಳ್ಳೇ ದಾರಿ. ಕೋಳಿ ಮೊಟ್ಟೆ 21 ದಿನಕ್ಕೆ ಒಡೆದ್ರೆ ಇದಕ್ಕೆ 26ರಿಂದ 28 ದಿನ ಬೇಕು. ಎರಡನ್ನೂ ಬೆರೆಸಿ ಇಟ್ರೆ ತಾಯಿ ಮೊದಲು ಹುಟ್ಟಿದ ಮರಿ ಕರ್ಕೊಂಡು ಎದ್ದು ಹೋಗತ್ತೆ, ಗಿನಿ ಮೊಟ್ಟೆ ತಣ್ಣಗಾಗತ್ತೆ. ನಾಟಿ ಕೋಳಿ ಸಾಕಿದ ಮರಿ ಸಂಜೆ ಗೂಡಿಗೆ ಬರೋದೂ ಕಲಿಯತ್ತೆ. ಗಿನಿ ಹೆಣ್ಣು ತಾನೇ ಮರಿ ಮಾಡಿದ್ರೆ ಒದ್ದೆ ಹುಲ್ಲಲ್ಲಿ ಮುಂದೆ ಮುಂದೆ ಹೋಗ್ತಾ ಇರತ್ತೆ, ಹಿಂದೆ ಎಷ್ಟು ಉಳೀತು ನೋಡಲ್ಲ.

ಎಂಟು ವಾರ ಆದ್ಮೇಲೂ ತಕ್ಷಣ ಬಿಡಬೇಡಿ. ಅಡಿಕೆ ದಬ್ಬೆ, ಬಲೆ ಸೇರಿಸಿ ಗೂಡು ಮಾಡಿ, ಅಲ್ಲಿಂದ ಕೊಟ್ಟಿಗೆ, ಅಂಗಳ ಕಾಣೋ ಹಾಗೆ ಒಂದಿಷ್ಟು ವಾರ ಇಡಿ. ಮೊದಲ ದಿನ ಒಂದೇ ಬಿಡಿ. ಉಳಿದವು ಒಳಗೆ ಕೂಗ್ತಿದ್ರೆ ಅದು ದೂರ ಹೋಗಲ್ಲ. ಸಂಜೆ ಡಬ್ಬಿ ಬಡಿದು ಕಾಳು ಹಾಕೋ ಅಭ್ಯಾಸ ಮಾಡಿ. ಬಿಟ್ರೆ ಹಲಸಿನ ಮರ ಹತ್ತಿ ಮಲಗ್ತವೆ, ರಾತ್ರಿ ಗೂಬೆ, ಕಾಡುಬೆಕ್ಕು ಸುಮ್ಮನಿರಲ್ಲ. ಹಗಲು ಮುಂಗುಸಿ, ಗಿಡುಗ. ಹಾವು ಕಂಡ್ರೆ ಮಾತ್ರ ಸುತ್ತ ನಿಂತು ಊರು ಕೇಳೋ ಹಾಗೆ ಕಿರುಚ್ತವೆ, ಕೊಟ್ಟಿಗೆಗೆ ಟಾರ್ಚ್ ಇಲ್ಲದೆ ಹೋಗೋ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಮಳೆಗಾಲದಲ್ಲಿ ತೋಟಕ್ಕೆ ಬೋರ್ಡೋ ಹೊಡೆಯೋ ದಿನ ಗೂಡಲ್ಲೇ ಕೂಡಿಹಾಕಿ.

ತೋಟ ಕೆದರತ್ತಾ ಅಂತ ಕೇಳ್ತಾರೆ. ಕೋಳಿಯಷ್ಟು ಕೆದರಲ್ಲ. ಭತ್ತದ ಕದಿರು ಬಲಿಯುವಾಗ ಮಾತ್ರ ಗದ್ದೆ ಕಡೆ ಬಿಡಬೇಡಿ. ಗಲಾಟೆ ಇದೆಯಾ? ಇದೆ, ತುಂಬ ಇದೆ. ಪಕ್ಕದ ಮನೆ ಐವತ್ತು ಅಡಿ ದೂರದಲ್ಲಿದ್ರೆ ಮರಿ ತರೋ ಮೊದಲು ಅವರಿಗೆ ಯೂಟ್ಯೂಬಲ್ಲಿ ಇದರ ಕೂಗು ಒಂದು ಸಲ ಕೇಳಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ಮುಂದಿನ ಸಲ ಇದರ ಮೊಟ್ಟೆ ಮಾರೋ ವಿಷಯ ಮಾತಾಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಹಿಂದೆ ಗಿನಿ ಕೋಳಿ ಕೂಗ್ತಿದ್ರೂ ಅಡ್ಡಿಲ್ಲ.