ಬೆಟ್ಟದ ಹೊಣೆ ಮಕ್ಕಳ ಹೆಗಲಿಗೆ



ಮಕ್ಕಳಿಗೆ ಬೆಟ್ಟವನ್ನು ತೋರಿಸುತ್ತೇವೆ. ಅದರ ಹೊಣೆಯನ್ನು ವಹಿಸಿಕೊಡುವುದು ವಿರಳ. 1955ರಲ್ಲಿ ಅಮೆರಿಕದ ವ್ಯಾಸರ್ ಕಾಲೇಜಿನ ವಿದ್ಯಾರ್ಥಿನಿ ಎಲಿಜಬೆತ್ ಕುಶ್‌ಮನ್ ತಮ್ಮ ಪ್ರಬಂಧದಲ್ಲಿ, ಜನದಟ್ಟಣೆಯಿಂದ ನಲುಗಿದ ರಾಷ್ಟ್ರೀಯ ಉದ್ಯಾನಗಳ ಆರೈಕೆಗೆ ವಿದ್ಯಾರ್ಥಿಗಳನ್ನು ತೊಡಗಿಸಬೇಕೆಂದು ಸೂಚಿಸಿದರು. 1957ರಲ್ಲಿ 53 ಮಂದಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಉದ್ಯಾನಗಳಲ್ಲಿ ಶ್ರಮಿಸಿದರು. ಇಂದಿನ ಸ್ಟೂಡೆಂಟ್ ಕನ್ಸರ್ವೇಶನ್ ಅಸೋಸಿಯೇಶನ್‌ಗೆ ಅದೇ ನಾಂದಿ.

ಇಂತಹ ಶಿಬಿರಗಳಲ್ಲಿ ಹದಿಹರೆಯದವರು ಗುಡಾರ, ಆಹಾರ, ಹಾರೆ, ಗುದ್ದಲಿಗಳನ್ನು ತಾವೇ ಹೊರುತ್ತಾರೆ. ಕಾಲುದಾರಿಗೆ ಓರೆಯಾಗಿ ಕಲ್ಲು ಅಥವಾ ದಿಮ್ಮಿಯನ್ನು ಹೂಳುತ್ತಾರೆ. ಆಗ ಮಳೆನೀರು ದಾರಿಯ ಮಣ್ಣನ್ನು ಕೊಚ್ಚದೆ ಪಕ್ಕಕ್ಕೆ ಹರಿಯುತ್ತದೆ. ಕಸವನ್ನು ಹೊತ್ತುಕೊಂಡೇ ಹಿಂದಿರುಗುತ್ತಾರೆ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮಗೆ ಸಹ್ಯಾದ್ರಿ ನೆರೆಯಲ್ಲೇ ಇದೆ. ಅಲ್ಲಿನ ಕೋಟೆಗಳ ಹಾದಿಗಳೂ ಮುಂಗಾರಿನ ನೀರಿಗೆ, ಚಾರಣಿಗರ ತುಳಿತಕ್ಕೆ ಸವೆಯುತ್ತಿವೆ. ತಾನೇ ಸರಿಪಡಿಸಿದ ದಾರಿಯಲ್ಲಿ ಕಸ ಎಸೆಯಲು ಯಾವ ಮಗುವಿಗೆ ಮನಸ್ಸು ಬಂದೀತು? ರಜೆಯನ್ನೆಲ್ಲ ಕೋಚಿಂಗ್ ತರಗತಿಗಳಿಗೆ ಒಪ್ಪಿಸಿರುವ ನಾವು ಒಂದು ವಾರವನ್ನಾದರೂ ಇದಕ್ಕೆ ಮೀಸಲಿಡೋಣ. ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆಯೋಣ. ಅನುಭವಿ ಮಾರ್ಗದರ್ಶಕರು, ಪ್ರಥಮ ಚಿಕಿತ್ಸೆ ಬಲ್ಲವರು ಜೊತೆಗಿರಲಿ. ಹೊರೆಯನ್ನು ಮಾತ್ರ ಮಕ್ಕಳೇ ಹೊರಲಿ.