ಉತ್ತಮ ಕ್ಷಮೆ: ಕಲ್ಲಿನ ಗೆರೆಯಿಂದ ನೀರಿನ ಗೆರೆಗೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

  

ಗರ್ಭಾವತರಣದಿಂದ ಮೋಕ್ಷದವರೆಗಿನ ಐದು ಕಲ್ಯಾಣಗಳನ್ನು ಕಣ್ತುಂಬ ನೋಡುವ ಪುಣ್ಯ ನಮಗೆ ದೊರೆತಿದೆ. ಶಿಲ್ಪಿಯ ಕೈಯಿಂದ ಬಂದ ಶಿಲೆ ಇಂದು ನಮಗೆ ಜಿನಬಿಂಬವಾಗಿದೆ. ನಾಳೆ ಮಂಗಳವಾದ್ಯ ನಿಲ್ಲುತ್ತದೆ, ಚಪ್ಪರ ಬಿಚ್ಚುತ್ತಾರೆ, ನಾವೆಲ್ಲರೂ ಊರಿಗೆ ಮರಳುತ್ತೇವೆ. ಬಸದಿಯಲ್ಲಿ ವೀತರಾಗನನ್ನು ಪ್ರತಿಷ್ಠಾಪಿಸಿದ ನಾವು ಎದೆಯೊಳಗೆ ಯಾರನ್ನು ಕೂರಿಸಿಕೊಂಡು ಮರಳುತ್ತೇವೆ ಎಂಬುದು ನನ್ನ ಮುಂದಿರುವ ಪ್ರಶ್ನೆ. ನಮ್ಮಲ್ಲಿ ಅನೇಕರ ಎದೆಯ ಗರ್ಭಗೃಹದಲ್ಲಿ ಹಗಲಿರುಳೂ ಕುಳಿತಿರುವವನು ಜಿನನಲ್ಲ, ನಮಗೆ ಅನ್ಯಾಯ ಮಾಡಿದ ಮನುಷ್ಯ. ತ್ರಿಕಾಲವೂ ಅವನ ಸ್ಮರಣೆ ನಡೆದಿರುತ್ತದೆ.

ಸಂಘಟಕರು ನನಗೆ ಕೊಟ್ಟ ವಿಷಯ ಉತ್ತಮ ಕ್ಷಮೆ. ಕಾಲು ತುಳಿದವನನ್ನು, ಮಾತು ತಪ್ಪಿದವನನ್ನು ಕ್ಷಮಿಸುವುದು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಹಿಂಸೆ ಅನುಭವಿಸಿದವರ ಮಾತು ಬೇರೆ. ಇಪ್ಪತ್ತು ವರ್ಷ ಅತ್ತೆಮನೆಯಲ್ಲಿ ಕಣ್ಣೀರಿನಲ್ಲಿ ಕೈತೊಳೆದ ಸೊಸೆ, ಅಣ್ಣನಿಂದಲೇ ಪಾಲು ಕಳೆದುಕೊಂಡ ತಮ್ಮ, ದುಡಿದ ಮನೆಯಲ್ಲಿ ಮನುಷ್ಯನೆನ್ನಿಸಿಕೊಳ್ಳದ ಆಳು, ಇವರ ಮುಂದೆ ನಿಂತು ‘ಕ್ಷಮಿಸಿ’ ಎಂದು ಹೇಳುವುದು ಸುಲಭವಲ್ಲ. ಅಂಥವರನ್ನು ಮನಸ್ಸಿನಲ್ಲಿರಿಸಿಕೊಂಡು ಈ ಕೆಲವು ಮಾತು.

ಸುಮಾರು ಸಾವಿರ ವರ್ಷಗಳ ಹಿಂದೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ. ಸಂಜ್ವಲನ ಕ್ರೋಧ ನೀರಿನ ಮೇಲಿನ ಗೆರೆ. ಪ್ರತ್ಯಾಖ್ಯಾನಾವರಣ ಧೂಳಿನ ಮೇಲಿನ ಗೆರೆ. ಅಪ್ರತ್ಯಾಖ್ಯಾನಾವರಣ ನೆಲದ ಬಿರುಕು. ಅನಂತಾನುಬಂಧಿ ಕಲ್ಲಿನ ಸೀಳು. ಇವುಗಳ ವಾಸನೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನೂ ಆಚಾರ್ಯರು ಹೇಳಿದ್ದಾರೆ. ಮೊದಲನೆಯದು ಅಂತರ್ಮುಹೂರ್ತ, ಎರಡನೆಯದು ಒಂದು ಪಕ್ಷ, ಮೂರನೆಯದು ಆರು ತಿಂಗಳು. ಆರು ತಿಂಗಳು ಮೀರಿದ ವೈರ ಭವಭವಾಂತರಗಳಿಗೆ ಬೆನ್ನುಹತ್ತುತ್ತದೆ. ಅದು ಸಮ್ಯಕ್ತ್ವವನ್ನೇ ಘಾತಿಸುವ ಕಷಾಯ. ಹೀಗೆ ಲೆಕ್ಕ ಹಾಕಿದಾಗ ನಮ್ಮಲ್ಲಿ ಬೆಚ್ಚಿಬೀಳದವರು ಯಾರು? ಆಸ್ತಿಯ ವ್ಯಾಜ್ಯಕ್ಕೆ ಹದಿನೈದು ವರ್ಷ, ಮದುವೆಯ ಮನೆಯ ಅವಮಾನಕ್ಕೆ ಮೂವತ್ತು ವರ್ಷ. ಇವು ಯಾವ ಗೆರೆಗಳೆಂದು ಬೇರೆ ಹೇಳಬೇಕಾಗಿಲ್ಲ.

ಈ ಕಲ್ಲಿನ ಗೆರೆ ಹೇಗಿರುತ್ತದೆಂದು ತಿಳಿಯಲು ಭಗವಾನ್ ಪಾರ್ಶ್ವನಾಥರ ಭವಾವಳಿಗಿಂತ ದೊಡ್ಡ ಪಾಠವಿಲ್ಲ. ಕಮಠ, ಮರುಭೂತಿ ಒಡಹುಟ್ಟಿದವರು. ತಮ್ಮನ ಹೆಂಡತಿಯ ಮೇಲೆ ಕಣ್ಣಿಟ್ಟವನು ಅಣ್ಣ. ಗಡೀಪಾರಾದ ಅಣ್ಣನನ್ನು ನೋಡಲು ಹೋದ ತಮ್ಮನ ತಲೆಯ ಮೇಲೆ ಅವನು ಕಲ್ಲು ಎತ್ತಿಹಾಕಿದ. ಇಷ್ಟನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಮುಂದಿನದನ್ನು ಅಷ್ಟು ಗಮನಿಸುವುದಿಲ್ಲ. ನಿರಪರಾಧಿಯಾದ ಮರುಭೂತಿ ಸತ್ತೊಡನೆ ದೇವನಾಗಲಿಲ್ಲ. ಆರ್ತಧ್ಯಾನದಿಂದ ಮರಣಿಸಿದ್ದರಿಂದ ಕಾಡಿನಲ್ಲಿ ವಜ್ರಘೋಷವೆಂಬ ಆನೆಯಾಗಿ ಹುಟ್ಟಿದ. ತಪ್ಪು ಮಾಡಿದವನು ಕಮಠನೇ ಆದರೂ ನೊಂದವನ ನೋವು ನೊಂದವನನ್ನೇ ಕಟ್ಟಿಹಾಕಿತು. ಆ ಆನೆಗೆ ಅರವಿಂದ ಮುನಿಗಳಿಂದ ಶ್ರಾವಕವ್ರತಗಳು ದೊರೆತವು. ಕೆಸರಿನಲ್ಲಿ ಸಿಲುಕಿದ್ದಾಗ ಕಮಠನ ಜೀವವೇ ಆಗಿದ್ದ ಕುಕ್ಕುಟ ಸರ್ಪ ಅದನ್ನು ಕಚ್ಚಿತು. ಈ ಬಾರಿ ಆ ಜೀವ ಶಾಂತವಾಗಿ ದೇಹ ಬಿಟ್ಟಿತು. ಕಚ್ಚಿದವನು ಅವನೇ, ಕಚ್ಚಿಸಿಕೊಂಡವನು ಮಾತ್ರ ಬೇರೆಯಾಗಿದ್ದ. ಬಿಡುಗಡೆ ಅಲ್ಲಿಂದ ಆರಂಭವಾಯಿತು.

ಇದರಲ್ಲಿ ನೊಂದವರಿಗೆ ಒಂದು ಸಮಾಧಾನವಿದೆ. ತೀರ್ಥಂಕರರಾಗಲಿದ್ದ ಜೀವಕ್ಕೂ ಕ್ಷಮೆ ಒಮ್ಮೆಲೇ ಬರಲಿಲ್ಲ. ಅದನ್ನು ಕಲಿಯಬೇಕಾಯಿತು. ಇನ್ನೊಂದು ಮಾತೂ ಇದೆ. ಆ ಭವಗಳಲ್ಲಿ ಕಮಠ ಒಮ್ಮೆಯೂ ಬಂದು ‘ತಪ್ಪಾಯಿತು’ ಎನ್ನಲಿಲ್ಲ. ಅವನು ಬರಲಿ ಎಂದು ಕಾಯುತ್ತ ಕುಳಿತಿದ್ದರೆ ಪಾರ್ಶ್ವಪ್ರಭು ನಮಗೆ ದೊರೆಯುತ್ತಿರಲಿಲ್ಲ. ಕೊನೆಗೆ ಶಂಬರದೇವನಾಗಿ ಮಳೆ, ಬಂಡೆಗಳ ಉಪಸರ್ಗ ಮಾಡಿದವನೂ ಅವರ ಕೇವಲಜ್ಞಾನವನ್ನು ಕಂಡು ಶಾಂತನಾಗಿ ಸಮ್ಯಕ್ತ್ವ ಪಡೆದ. ಅದು ಕ್ಷಮೆಯ ಫಲ. ಅದಕ್ಕಾಗಿ ಪ್ರಭುಗಳು ಷರತ್ತು ಒಡ್ಡಿರಲಿಲ್ಲ.

ಇದು ಪುರಾಣದ ಮಾತು, ಮನುಷ್ಯರಿಗೆ ಸಾಧ್ಯವೇ ಎಂದು ಕೆಲವರು ಕೇಳಬಹುದು. ನಾನು ಬಂದಿರುವ ಕಾರವಾರ, ಅಂಕೋಲೆಗಳ ಕರಾವಳಿಯ ಚರಿತ್ರೆಯಿಂದಲೇ ಉತ್ತರ ಕೊಡುತ್ತೇನೆ.

1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೆ ಕರನಿರಾಕರಣೆಯ ಚಳವಳಿ ಬಂತು. ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಅಂಕೋಲೆಗೆ ಬಂದದ್ದು ಆಗಲೇ. ಸರಕಾರ ಅವರ ಜಮೀನು ಜಪ್ತಿ ಮಾಡಿತು. ಮನೆ, ದನಕರು, ಅಡಿಗೆಯ ಪಾತ್ರೆಗಳನ್ನೂ ಬಿಡಲಿಲ್ಲ. ಗಂಡಸರು ಸೆರೆಮನೆ ಸೇರಿದರು. ಇವೆಲ್ಲಕ್ಕಿಂತ ಆಳವಾದ ಗಾಯ ಇನ್ನೊಂದಿತ್ತು. ಜಪ್ತಿಯಾದ ಭೂಮಿ ಹರಾಜಿಗೆ ಬಂದಾಗ ಅದನ್ನು ಕೊಂಡವರಿದ್ದರು. ದೂರದ ಸರಕಾರ ಮಾಡಿದ ಅನ್ಯಾಯವನ್ನು ಸಹಿಸಬಹುದು. ತಾನು ಹದಮಾಡಿದ ಗದ್ದೆಯಲ್ಲಿ ಇನ್ನೊಬ್ಬ ನೇಗಿಲು ಹೂಡುವುದನ್ನು ನೋಡುವುದು ಹೇಗೆ?

ಆಗ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯ ಕಡೆಯ ಹೆಣ್ಣುಮಕ್ಕಳು ಮಾಡಿದ್ದನ್ನು ನಾವು ಮರೆಯಬಾರದು. ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಯ ಮುಂದೆ ಅವರು ಉಪವಾಸ ಕುಳಿತರು. ಕಲ್ಲೆಸೆಯಲಿಲ್ಲ, ಬೆಂಕಿ ಹಚ್ಚಲಿಲ್ಲ. ಎದುರಾಳಿಯ ಅಂಗಳದಲ್ಲಿ ತಾವು ಹಸಿದು, ಅವನ ಅಂತಃಕರಣ ಎಚ್ಚರಗೊಳ್ಳಲಿ ಎಂದು ಕಾದರು. ತಪ್ಪನ್ನು ತಪ್ಪೆಂದು ಅವನ ಬಾಗಿಲಲ್ಲೇ ಸಾರಿದರು, ಅವನನ್ನು ಮನುಷ್ಯನೆಂದೂ ನಂಬಿದರು. ಇದಕ್ಕಿಂತ ಹೆಚ್ಚಿನ ಕ್ಷಾತ್ರ ನನಗೆ ತಿಳಿಯದು. ಆ ತಾಯಂದಿರ ಸ್ಮಾರಕ ಮಾವಿನಗುಂಡಿಯಲ್ಲಿದೆ. ಜೋಗಕ್ಕೆ ಹೋಗುವವರು ಒಂದು ಗಳಿಗೆ ಅಲ್ಲಿ ನಿಂತು ಹೋಗಬೇಕು.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಜಪ್ತಿಯಾದ ಭೂಮಿಯನ್ನು ಮೂಲ ಒಡೆಯರಿಗೆ ಮರಳಿಸುವ ಕಾನೂನು 1938ರಲ್ಲಿ ಆಯಿತು. ಕಾನೂನು ಭೂಮಿಯನ್ನು ಹಿಂದಿರುಗಿಸಬಲ್ಲದು. ಒಂದೇ ಊರಿನಲ್ಲಿ, ಒಂದೇ ಬಾವಿಯ ನೀರು ಕುಡಿಯುತ್ತ ಮತ್ತೆ ಬಾಳುವುದನ್ನು ಯಾವ ಕಾನೂನೂ ಕಲಿಸಲಾರದು. ಅದನ್ನು ಊರಿನವರು ತಾವೇ ಕಲಿಯಬೇಕು.

ಅದೇ ಅಂಕೋಲೆಯ ದಿನಕರ ದೇಸಾಯಿಯವರನ್ನು ನೀವು ಚುಟುಕಗಳ ಕವಿಯಾಗಿ ಬಲ್ಲಿರಿ. ಗೇಣಿದಾರರ ಪರವಾಗಿ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಐದು ವರ್ಷ ಹುಟ್ಟಿದ ನೆಲದಲ್ಲಿ ಕಾಲಿಡುವಂತಿರಲಿಲ್ಲ. ಮರಳಿ ಬಂದವರು ಆ ವರ್ಷಗಳ ಲೆಕ್ಕ ಚುಕ್ತಾ ಮಾಡಲು ಹೊರಡಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಜಿಲ್ಲೆಯ ಹಳ್ಳಿಗಾಡಿನಲ್ಲಿ ಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲೆಗೆ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. ಅವರ ಅಂತರಂಗದಲ್ಲಿ ಏನಿತ್ತೆಂದು ಹೇಳಲು ನಾನು ಸರ್ವಜ್ಞನಲ್ಲ. ಕಣ್ಣಿಗೆ ಕಾಣುವ ಕೃತಿಯನ್ನಷ್ಟೇ ಹೇಳುತ್ತೇನೆ. ಕಳೆದುಹೋದ ಕಾಲದ ಮೇಲಿನ ಸಿಟ್ಟು ಮುಂದಿನ ಕಾಲದ ಕೆಲಸವಾಗಿ ತಿರುಗಿದರೆ ಅದಕ್ಕಿಂತ ಒಳ್ಳೆಯ ನಿರ್ಜರೆ ಗೃಹಸ್ಥನಿಗೆ ಯಾವುದು?

ಧರ್ಮಬಂಧುಗಳೇ, ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಕ್ಷಮೆಯ ಹೆಸರಿನಲ್ಲಿ ನಮ್ಮ ಸಮಾಜದಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಬೆಳೆದಿವೆ.

ಮೊದಲನೆಯದು, ಕ್ಷಮೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದು ಎಂಬ ಭ್ರಮೆ. ಸಂಕಲ್ಪಿ ಹಿಂಸೆಯನ್ನು ಬಿಡಬೇಕಾದ ಗೃಹಸ್ಥನಿಗೂ ಆತ್ಮರಕ್ಷಣೆಯಲ್ಲಿ ಒದಗುವ ವಿರೋಧಿ ಹಿಂಸೆ ಅನಿವಾರ್ಯವಾಗಬಹುದೆಂದು ನಮ್ಮ ಆಚಾರಶಾಸ್ತ್ರ ಒಪ್ಪಿದೆ. ಹಾಗಿರುವಾಗ ಪ್ರಾಣಭಯವಿರುವ ಮನೆಯಿಂದ ಮಗಳು ಹೊರಗೆ ಬಂದರೆ, ತವರಿನವರು ‘ತಾಳಿಕೋ, ಕ್ಷಮಿಸು’ ಎಂದು ಅವಳನ್ನು ಮರಳಿ ಅಟ್ಟುವುದು ಧರ್ಮವಲ್ಲ. ಮೊದಲು ಹೊಡೆತ ನಿಲ್ಲಬೇಕು. ಕ್ಷಮೆಯ ಮಾತು ಆಮೇಲಿನದು. ಹಕ್ಕನ್ನು ಕೇಳುವುದೂ ವೈರವಲ್ಲ. ನಮ್ಮ ಕಾರವಾರ, ಅಂಕೋಲೆಗಳಲ್ಲಿ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ತೋಟ, ಮೀನುಗಾರಿಕೆಯ ದಂಡೆಗಳನ್ನು ಬಿಟ್ಟು ಹೋದವು. ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ದೇಶಕ್ಕಾಗಿ ಕೊಟ್ಟಿರಿ, ಮರೆತುಬಿಡಿ ಎಂದು ಅವರಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ದ್ವೇಷವಿಲ್ಲದೆ ದಾವೆ ಹೂಡಬಹುದು. ದಾವೆ ಹೂಡದೆಯೂ ಜೀವನವಿಡೀ ದ್ವೇಷಿಸಬಹುದು.

ಎರಡನೆಯದು, ಕರ್ಮಸಿದ್ಧಾಂತದ ದುರುಪಯೋಗ. ನೊಂದು ಬಂದವರಿಗೆ ‘ಅದು ನಿನ್ನ ಪೂರ್ವಾರ್ಜಿತ’ ಎಂದುಬಿಡುವುದು ನಮಗೆ ಅಭ್ಯಾಸವಾಗಿದೆ. ಕರ್ಮಸಿದ್ಧಾಂತ ನನ್ನ ದಾರಿಗೆ ನಾನು ಹಿಡಿದುಕೊಳ್ಳಬೇಕಾದ ದೀಪ, ಇನ್ನೊಬ್ಬರ ಬೆನ್ನಿಗೆ ಬೀಸುವ ಚಾಟಿಯಲ್ಲ. ನೊಂದವರು ತಾವಾಗಿ ಒಂದು ದಿನ ಆ ದೀಪವನ್ನು ಎತ್ತಿಕೊಂಡಾರು. ಅಲ್ಲಿಯವರೆಗೆ ನಮ್ಮ ಪಾಲಿನ ಕರ್ತವ್ಯ ಅವರ ಪಕ್ಕದಲ್ಲಿ ನಿಲ್ಲುವುದು.

ಹಾಗಾದರೆ ಕ್ಷಮಿಸುವ ಬಗೆ ಯಾವುದು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಸಮಸ್ತ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ತಿದ್ದಿಕೊಳ್ಳಲೊಲ್ಲದವರಲ್ಲಿ ಮಾಧ್ಯಸ್ಥ್ಯ. ಈ ಕೊನೆಯ ಪದವನ್ನು ನೊಂದವರು ಗಮನಿಸಬೇಕು. ತಪ್ಪನ್ನು ಬಿಡಲೊಲ್ಲದವನನ್ನು ಅಪ್ಪಿಕೊಳ್ಳಬೇಕೆಂದು ಆಚಾರ್ಯರು ಹೇಳಲಿಲ್ಲ. ಅವನ ಮನೆಯಲ್ಲಿ ಮತ್ತೆ ಉಣ್ಣಬೇಕೆಂದೂ ಹೇಳಲಿಲ್ಲ. ಅವನ ವಿಷಯದಲ್ಲಿ ರಾಗವೂ ಬೇಡ, ದ್ವೇಷವೂ ಬೇಡ, ತಟಸ್ಥನಾಗಿರು ಎಂದರು. ನೊಂದ ಜೀವ ಮೊದಲ ದಿನವೇ ಮೈತ್ರಿಯ ಶಿಖರ ಏರಬೇಕಾಗಿಲ್ಲ. ಮಾಧ್ಯಸ್ಥ್ಯದ ಮೆಟ್ಟಿಲಿನಲ್ಲಿ ಕಾಲೂರಿದರೆ ಸಾಕು. ಕಲ್ಲಿನ ಗೆರೆ ನೆಲದ ಗೆರೆಯಾಗುತ್ತದೆ. ಮಳೆ ಬಂದರೆ ನೆಲ ತಾನೇ ಕೂಡಿಕೊಳ್ಳುತ್ತದೆ. ನೆಲದ್ದು ಧೂಳಿನ ಗೆರೆಯಾಗುತ್ತದೆ, ಧೂಳಿನದು ನೀರಿನ ಗೆರೆಯಾಗುತ್ತದೆ.

ಪ್ರತಿಕ್ರಮಣದ ಪಾಠದಲ್ಲಿ ಒಂದು ಕ್ರಮವಿದೆ. ಅಲ್ಲಿ ನಾವು ಮೊದಲು ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇವೆ, ಅನಂತರ ಅವರಿಂದ ಕ್ಷಮೆ ಬೇಡುತ್ತೇವೆ. ಕೊಡದವನಿಗೆ ಬೇಡುವ ಬಾಯಿ ಇಲ್ಲ. ನಾವು ಮಾಡುತ್ತಿರುವುದೇನು? ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಪೂಜೆ ಮಾಡುತ್ತೇವೆ. ಪರ್ವ ಮುಗಿದೊಡನೆ ಕ್ಷಮಾವಣಿಯ ಕಾರ್ಡುಗಳನ್ನು ನೂರುಗಟ್ಟಲೆ ಕಳಿಸುತ್ತೇವೆ. ಯಾರಿಗೆ? ಯಾರೊಡನೆ ಎಂದೂ ಜಗಳವಾಗಿಲ್ಲವೋ ಅವರಿಗೆ. ಪಕ್ಕದ ಮನೆಯಲ್ಲಿ ಗೋಡೆಯ ವ್ಯಾಜ್ಯ ಹೂಡಿರುವ ಅಣ್ಣನಿಗೆ ಮಾತ್ರ ಆ ಕಾರ್ಡು ಹೋಗುವುದಿಲ್ಲ. ಇನ್ನು ನೋಯಿಸಿದವರು ನಾವೇ ಆಗಿದ್ದರೆ ಕಾರ್ಡು ಸಾಲದು. ಕಾಲಿನಲ್ಲಿ ನಡೆದು ಹೋಗಬೇಕು, ಕಿತ್ತುಕೊಂಡದ್ದನ್ನು ಮರಳಿಸಬೇಕು. ನೊಂದವರಿಗೆ ಕ್ಷಮೆಯನ್ನು ಬೋಧಿಸುವ ಸಭೆಯಲ್ಲಿ ನೋಯಿಸಿದವರೂ ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು.

ನಮ್ಮ ಸಮಾಜಕ್ಕೂ ಸಮಷ್ಟಿಯಾಗಿ ನೋವಿನ ನೆನಪುಗಳಿವೆ. ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿಯ ರಾಜ್ಯ ಅಳಿಯಿತು. ಒಂದು ಕಾಲಕ್ಕೆ ಮೆರೆದ ನಗರ ಕಾಡಾಯಿತು, ಚತುರ್ಮುಖ ಬಸದಿ ಮರಗಳ ನಡುವೆ ಒಂಟಿಯಾಗಿ ಉಳಿಯಿತು. ಅಲ್ಲಿಗೆ ಹೋದವರಿಗೆ ಕಣ್ಣು ಮಂಜಾಗುವುದು ಸಹಜ. ನಾಲ್ಕು ನೂರು ವರ್ಷಗಳ ಹಿಂದಿನ ಲೆಕ್ಕವನ್ನು ಈಗಿನವರಿಂದ ವಸೂಲು ಮಾಡಲು ಯಾರೂ ಹೊರಡಲಿಲ್ಲವೆಂಬುದು ನಮ್ಮ ಹಿರಿಯರ ದೊಡ್ಡತನ. ಅವರು ಮತ್ತೊಂದು ಬಸದಿ ಕಟ್ಟಿದರು. ಇಂದು ನಾವು ಇಲ್ಲಿ ಮಾಡಿರುವುದೂ ಅದನ್ನೇ.

ಕೊನೆಯದಾಗಿ ಒಂದು ಬಿನ್ನಹ. ಈ ಮಹೋತ್ಸವ ಮುಗಿಯುವ ಮುನ್ನ ನೀವೊಬ್ಬರೇ ನೂತನ ಬಿಂಬದ ಎದುರು ಒಂದು ಗಳಿಗೆ ಕುಳಿತುಕೊಳ್ಳಿ. ಆರು ತಿಂಗಳು ಮೀರಿದ ವೈರ ಯಾವುದಿದೆ ಎಂದು ನೋಡಿಕೊಳ್ಳಿ. ಆ ಮನುಷ್ಯ ಬದುಕಿದ್ದು, ಹೋಗಲು ಭಯವಿಲ್ಲದಿದ್ದರೆ ಹೋಗಿ ಮಾತನಾಡಿಸಿ. ಹೋಗುವಂತಿಲ್ಲದಿದ್ದರೆ, ಅಥವಾ ಅವನು ಕಾಲವಾಗಿದ್ದರೆ, ಇಲ್ಲಿಯೇ ಭಗವಂತನ ಎದುರಿನಲ್ಲಿ ಅವನ ಹೆಸರು ಹೇಳಿ, ಅವನು ಮಾಡಿದ್ದನ್ನು ಇದ್ದದ್ದು ಇದ್ದಂತೆ ಹೇಳಿ, ಆ ಹೊರೆಯನ್ನು ಇಳಿಸಿಬಿಡಿ. ಮರುದಿನ ಅದು ಮತ್ತೆ ಹೆಗಲೇರಿದರೆ ಬೇಸರಿಸದೆ ಮತ್ತೆ ಇಳಿಸಿ. ಅದಕ್ಕಾಗಿಯೇ ಬಸದಿಯ ಬಾಗಿಲು ದಿನವೂ ತೆರೆದಿರುತ್ತದೆ.

ನನ್ನ ಮಾತಿನಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕೈಮುಗಿದು ಕ್ಷಮೆ ಬೇಡುತ್ತೇನೆ. ಸರ್ವರಿಗೂ ಸನ್ಮಂಗಳವಾಗಲಿ.

ಜೈ ಜಿನೇಂದ್ರ.