ಜಪಾನೀಯರ ದೇಶಾಟನವೂ ದೇಶಾಭಿಮಾನವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



"ಕೋಶ ಓದು, ದೇಶ ಸುತ್ತು" ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟು ಸಲ ವಿಸ್ತರಿಸಿ ಬರೆಯಿಸಿದ್ದೇವೆಯೋ ಲೆಕ್ಕವಿಲ್ಲ. ದೇಶ ಸುತ್ತಿದವನ ಬುದ್ಧಿ ವಿಶಾಲವಾಗುತ್ತದೆ, ಸಂಕುಚಿತ ಭಾವ ಅಳಿಯುತ್ತದೆ ಎಂದು ಮಕ್ಕಳು ಬರೆಯುತ್ತಾರೆ; ನಾವೂ ಹತ್ತಕ್ಕೆ ಎಂಟು ಅಂಕ ಕೊಡುತ್ತೇವೆ. ಪ್ರವಾಸದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಆ ಗಾದೆಯನ್ನೇ ಹಿಡಿದು ಹೊರಡೋಣವೆಂದಿದ್ದೆವು. ಆದರೆ ಸಾಮ್ರಾಜ್ಯಕಾಲದ ಜಪಾನಿನ ಚರಿತ್ರೆಯನ್ನು ಓದಿದ ಮೇಲೆ, ಗಾದೆಗೆ ನಾವು ಕೊಡುತ್ತಿದ್ದ ಅರ್ಥ ಸಾಲದೆಂದು ತೋರಿತು. ಅಲ್ಲಿ ಜನರು ಬಹಳವಾಗಿ ದೇಶ ಸುತ್ತಿದರು. ಸುತ್ತುತ್ತ ಸುತ್ತುತ್ತ ಪರರ ನೆಲವನ್ನೂ ತಮ್ಮ ಮನೆಯ ಅಂಗಳವೆಂದು ನಂಬುವುದನ್ನು ಕಲಿತರು.

ಜಪಾನೀಯರು ಮೊದಲಿನಿಂದಲೂ ಯಾತ್ರಾಪ್ರಿಯರು. ತೊಕುಗಾವ ವಂಶದ ಆಳಿಕೆಯಲ್ಲಿ ದಾರಿದಾರಿಗೂ ಕಾವಲುಕಟ್ಟೆಗಳಿದ್ದು, ರಹದಾರಿಯಿಲ್ಲದೆ ದಾಟುವಂತಿರಲಿಲ್ಲ. ಹಾಗಿದ್ದರೂ ಇಸೆ ಕ್ಷೇತ್ರದ ದರ್ಶನಕ್ಕೆಂದರೆ ಜನ ಕಟ್ಟೆಯೊಡೆದ ಕೆರೆಯಂತೆ ಹರಿಯುತ್ತಿದ್ದರು. 1830 ರಲ್ಲಿ ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಮಂದಿ ಅಲ್ಲಿಗೆ ನಡೆದರು. ಮೇಜಿ ಚಕ್ರವರ್ತಿಯ ಆಳಿಕೆ ಬಂದ ಬಳಿಕ, 1869 ರಲ್ಲಿ, ಕಾವಲುಕಟ್ಟೆಗಳು ರದ್ದಾದವು. 1872 ರಲ್ಲಿ ತೋಕಿಯೋದ ಶಿಂಬಾಶಿಯಿಂದ ಯೊಕೊಹಾಮಕ್ಕೆ ರೈಲು ಹೊರಟಿತು. 1889 ರ ವೇಳೆಗೆ ಹಳಿಗಳು ತೋಕಿಯೋದಿಂದ ಕೋಬೆಯವರೆಗೆ ಕೂಡಿಕೊಂಡವು. ಅರಮನೆಯ ತೆರೆಯ ಹಿಂದೆ ಇರುತ್ತಿದ್ದ ಚಕ್ರವರ್ತಿಯೇ 1872 ರಿಂದ 1885 ರೊಳಗಾಗಿ ಆರು ಮಹಾಸಂಚಾರಗಳನ್ನು ಕೈಗೊಂಡನು. ತನ್ನ ಜಮೀನುದಾರನ ಸೀಮೆಯೇ ತನ್ನ ದೇಶವೆಂದು ಬಾಳಿದ್ದ ರೈತನಿಗೆ, ಈ ಎಲ್ಲ ಸೀಮೆಗಳೂ ಸೇರಿ ಜಪಾನೆಂಬುದೊಂದಿದೆ ಎಂಬ ಅರಿವನ್ನು ಪಠ್ಯಪುಸ್ತಕದಷ್ಟೇ ಈ ಹಳಿಗಳೂ ಈ ಮೆರವಣಿಗೆಗಳೂ ಮೂಡಿಸಿದವು. ಇಲ್ಲಿಯವರೆಗೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ನಮ್ಮ ವಿಶ್ವೇಶ್ವರಯ್ಯನವರು 1898 ರಲ್ಲಿ ಹೋಗಿ ನೋಡಿ ಮೆಚ್ಚಿ ಬಂದುದು ಹೀಗೆ ಎದ್ದು ನಿಂತ ಜಪಾನನ್ನೇ.

ಬೆಟ್ಟಗಳೂ ಈ ಕಾರ್ಯಕ್ಕೆ ಒದಗಿಬಂದವು. 1894 ರಲ್ಲಿ ಶಿಗಾ ಶಿಗೆತಾಕ ಎಂಬ ಭೂಗೋಳಶಾಸ್ತ್ರಜ್ಞನು ಜಪಾನಿನ ನಿಸರ್ಗದೃಶ್ಯಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ತನ್ನ ನಾಡಿನ ಅಗ್ನಿಪರ್ವತಗಳಿಗೆ ಸಮನಾದುದಿಲ್ಲವೆಂದು ಹೊಗಳಿದನು. ಚೀನದೊಡನೆ ಯುದ್ಧ ಹೂಡಿದ್ದ ವರ್ಷವದು, ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. 1927 ರಲ್ಲಿ ಎರಡು ಪತ್ರಿಕೆಗಳು ನಾಡಿನ ಎಂಟು ಹೊಸ ರಮ್ಯಸ್ಥಾನಗಳನ್ನು ಆರಿಸಿರೆಂದು ಓದುಗರನ್ನು ಕೇಳಲು, ಒಂಬತ್ತು ಕೋಟಿಗೂ ಮಿಕ್ಕಿ ಕಾರ್ಡುಗಳು ಬಂದವು! ಊರೂರಿನವರೂ ತಮ್ಮ ಜಲಪಾತಕ್ಕಾಗಿ, ತಮ್ಮ ಬಿಸಿನೀರ ಬುಗ್ಗೆಗಾಗಿ ಕಾರ್ಡಿನ ಕಟ್ಟುಗಳನ್ನೇ ಕೊಂಡು ಹಾಕಿದರೆಂದಲ್ಲದೆ ಇದಕ್ಕೆ ಬೇರೆ ಸಮಾಧಾನವಿಲ್ಲ.

ಉಪಾಧ್ಯಾಯರಾದ ನಮ್ಮ ಕಣ್ಣು ಸಹಜವಾಗಿಯೇ ಶಾಲಾಪ್ರವಾಸಗಳ ಕಡೆಗೆ ಹೋಯಿತು. 1886 ರ ಫೆಬ್ರವರಿಯಲ್ಲಿ ತೋಕಿಯೋದ ಉಪಾಧ್ಯಾಯ ಶಿಕ್ಷಣ ಶಾಲೆಯ ವಿದ್ಯಾರ್ಥಿಗಳು ಚೀಬ ಸೀಮೆಗೆ 11 ದಿನಗಳ ಸಂಚಾರ ಹೊರಟರು. ಅದು ಅರ್ಧ ವಿಹಾರ, ಅರ್ಧ ಕವಾಯತು. ಇಪ್ಪತ್ತು ವರ್ಷಗಳ ಬಳಿಕ, ರಷ್ಯವನ್ನು ಗೆದ್ದ ಮರುವರ್ಷವಾದ 1906 ರಲ್ಲಿ, ಸೇನಾ ಇಲಾಖೆಯೂ ವಿದ್ಯಾ ಇಲಾಖೆಯೂ ಕೈಗೂಡಿಸಿ ವಿದ್ಯಾರ್ಥಿಗಳನ್ನು ಹಡಗು ಹತ್ತಿಸಿ ಮಂಚೂರಿಯದ ರಣಭೂಮಿಗಳನ್ನು ತೋರಿಸಿ ತಂದವು. ಪೋರ್ಟ್ ಆರ್ಥರಿನ ಬಳಿ 203 ಮೀಟರ್ ಗುಡ್ಡವೆಂಬುದೊಂದಿದೆ. 1904 ರ ಕೊನೆಯಲ್ಲಿ ಅದನ್ನು ಹಿಡಿಯುವಾಗ ಸಾವಿರಾರು ಸೈನಿಕರು ಮಡಿದರು. ಸೇನಾಪತಿ ನೊಗಿಯ ಕಿರಿಯ ಮಗನೂ ಅಲ್ಲಿಯೇ ಅಳಿದನು. ಗುಡ್ಡದ ಮೇಲೆ ನಿಂತು ಆ ಕಥೆಯನ್ನು ಕೇಳಿದ ಹುಡುಗನಿಗೆ ಕಣ್ಣೀರು ಬಂದಿದ್ದರೆ ತಪ್ಪಲ್ಲ. ಆದರೆ ನೆಲ ಚೀನೀಯರದು. ಅದೇ ಊರಿನಲ್ಲಿ, ಅದಕ್ಕೆ ಹತ್ತು ವರ್ಷ ಮುಂಚೆ, 1894 ರ ನವೆಂಬರಿನಲ್ಲಿ ಜಪಾನೀ ಸೈನಿಕರು ನಿರಾಯುಧರಾದ ಪುರಜನರನ್ನು ಕಗ್ಗೊಲೆ ಮಾಡಿದ್ದರು. ಪ್ರವಾಸದ ಪಟ್ಟಿಯಲ್ಲಿ ಆ ಬೀದಿಗಳಿಗೆ ಸ್ಥಾನವಿರಲಿಲ್ಲ. "ಇದು ನಮ್ಮವರ ರಕ್ತ ಬಿದ್ದ ಮಣ್ಣು, ಆದುದರಿಂದ ನಮ್ಮ ಮಣ್ಣು" ಎಂಬ ತರ್ಕ ಎಳೆಯರ ಮನಸ್ಸಿನಲ್ಲಿ ಹೀಗೆ ಬೇರೂರಿತು. ನಾವು ಬೇಲೂರು ಹಳೇಬೀಡುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದು ಪ್ರಬಂಧ ಬರೆಯಿಸಿದರೆ, ನಲವತ್ತರಲ್ಲಿ ಮೂವತ್ತೈದು ಅಲ್ಲಿಯ ಮಾರ್ಗದರ್ಶಿಯ ಬಾಯಿಮಾತುಗಳೇ ಆಗಿರುತ್ತವೆ. ಕಣ್ಣು ಮಗುವಿನದು, ನೋಟ ಮತ್ತೊಬ್ಬನದು.

ಮಕ್ಕಳ ಮಾತಿರಲಿ, ಮಹಾಸಾಹಿತಿಗಳೇ ಈ ನೋಟದಿಂದ ಪಾರಾಗಲಿಲ್ಲ. ಕಾದಂಬರಿಕಾರ ನತ್ಸುಮೆ ಸೊಸೆಕಿಯು 1909 ರಲ್ಲಿ, ದಕ್ಷಿಣ ಮಂಚೂರಿಯ ರೈಲ್ವೆಯ ಅಧ್ಯಕ್ಷನಾಗಿದ್ದ ತನ್ನ ಸಹಪಾಠಿಯ ಆಹ್ವಾನದ ಮೇಲೆ ಮಂಚೂರಿಯ, ಕೊರಿಯಗಳಲ್ಲಿ ಸಂಚರಿಸಿ ಪತ್ರಿಕೆಯಲ್ಲಿ ಪ್ರವಾಸಕಥನವನ್ನು ಬರೆದನು. ರೇವಿನಲ್ಲಿ ಕಂಡ ಚೀನೀ ಕೂಲಿಗಳನ್ನು ಅವನು ಕೊಳಕು ಹಿಂಡೆಂಬಂತೆ ಚಿತ್ರಿಸಿದುದನ್ನು ಓದುವಾಗ ನಮಗೆ ನಾಚಿಕೆಯಾಗುತ್ತದೆ. ಆದರೂ ಅದೇ ಕಥನದಲ್ಲಿ, ಪೋರ್ಟ್ ಆರ್ಥರಿನ ಯುದ್ಧವಸ್ತು ಸಂಗ್ರಹದಲ್ಲಿ ಅವನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ತೋಪಲ್ಲ, ಗುಂಡಲ್ಲ. ಯಾವಳೋ ಹೆಂಗಸು ತೊಟ್ಟಿದ್ದ ಬೂದುಬಣ್ಣದ ಪಾದರಕ್ಷೆಯೊಂದು, ಅದೂ ಒಂಟಿ. ಸಾಹಿತಿಯ ಸ್ವಂತ ಕಣ್ಣು ಅಲ್ಲಿ ಒಂದು ಗಳಿಗೆ ತೆರೆಯಿತೆಂದು ನಾವು ತಿಳಿಯುತ್ತೇವೆ.

ಯೊಸಾನೊ ಅಕಿಕೊ ಎಂಬ ಕವಯಿತ್ರಿಯ ಕಥೆ ಇನ್ನೂ ಕಠಿನವಾದುದು. ಯುದ್ಧಕ್ಕೆ ಹೋಗಿದ್ದ ತಮ್ಮನನ್ನು ಕುರಿತು, ಸಾಯಬೇಡವೆಂದು ಬೇಡಿ 1904 ರಲ್ಲಿ ಕವಿತೆ ಬರೆದು ದೇಶದ್ರೋಹಿಯೆಂದು ಬಯ್ಯಿಸಿಕೊಂಡ ಧೀರೆ ಆಕೆ. 1928 ರಲ್ಲಿ ಅದೇ ರೈಲ್ವೆಯ ಅತಿಥಿಯಾಗಿ ಮಂಚೂರಿಯವನ್ನು ಸುತ್ತಿದಳು. ಆಕೆ ಅಲ್ಲಿದ್ದಾಗಲೇ ಜಪಾನೀ ಸೇನಾಧಿಕಾರಿಗಳ ಪಿತೂರಿಯಿಂದ ಜಾಂಗ್ ಜೊಲಿನನ ರೈಲುಗಾಡಿಯನ್ನು ಸಿಡಿಸಲಾಯಿತು. 1932 ರ ವೇಳೆಗೆ ಆಕೆಯ ಲೇಖನಿಯಿಂದಲೇ ಯುದ್ಧವನ್ನು ಕೊಂಡಾಡುವ ಪದ್ಯ ಹೊರಟಿತು. ಪ್ರವಾಸವೇ ಇದಕ್ಕೆ ಕಾರಣವೆಂದು ನಾವು ಹೇಳಲಾರೆವು. ಪ್ರವಾಸ ಅದನ್ನು ತಡೆಯಲಿಲ್ಲವೆಂದು ಮಾತ್ರ ಹೇಳಬಲ್ಲೆವು.

ಇನ್ನು ಹೆಸರುಗಳ ವಿಚಾರ. ಊರ ಹೆಸರಿನ ಬೆಲೆಯೇನೆಂಬುದನ್ನು ಗಡಿನಾಡಿನ ತಮಗೆ ಬೇರೆ ಹೇಳಬೇಕಾಗಿಲ್ಲ. 1895 ರಲ್ಲಿ ತೈವಾನ್ ಜಪಾನಿನ ವಶವಾದಾಗ, ಅಲ್ಲಿಯ ಯೂಷಾನ್ ಶಿಖರವು ಫೂಜಿಗಿಂತಲೂ ಎತ್ತರವೆಂಬುದು ಬೆಳಕಿಗೆ ಬಂದಿತು: ಫೂಜಿ 3,776 ಮೀಟರ್, ಅದು 3,952. ಹಾಗಾದರೆ ಚಕ್ರಾಧಿಪತ್ಯದ ಅತ್ಯುನ್ನತ ಪರ್ವತ ಪರರದಾದೀತೇ? 1897 ರಲ್ಲಿ ಚಕ್ರವರ್ತಿಯೇ ಅದಕ್ಕೆ ನೀತಾಕ, ಎಂದರೆ ಹೊಸ ಉನ್ನತಗಿರಿ, ಎಂಬ ನಾಮಕರಣ ಮಾಡಿದನು. 1937 ರಲ್ಲಿ ಅದರ ಸುತ್ತಲಿನ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ತೈವಾನಿನ ತೆಂಕಣ ರೇವೊಂದಕ್ಕೆ ಮೂಲನಿವಾಸಿಗಳ ಮಾತಿನಿಂದ ಬಂದ ತಾಕಾವು ಎಂಬ ಹೆಸರಿತ್ತು. ಚೀನೀಯರು ಆ ಧ್ವನಿಗೆ ಹೊಂದುವ ಅಕ್ಷರಗಳಲ್ಲಿ ಅದನ್ನು ಬರೆಯುತ್ತಿದ್ದರು. ಆ ಅಕ್ಷರಗಳ ಅರ್ಥ ನಾಯಿಗೆ ಹೊಡೆ ಎಂದಾಗುತ್ತಿದ್ದಿತು. ಜಪಾನೀಯರು 1920 ರಲ್ಲಿ ಧ್ವನಿಯನ್ನು ಉಳಿಸಿ, ತಾಕಾವೊ ಎಂದು ಓದಲಾಗುವ ಗಂಭೀರವಾದ ಬೇರೆ ಅಕ್ಷರಗಳನ್ನಿಟ್ಟರು. 1945 ರಲ್ಲಿ ಅವರು ಹೋದರು, ಅಕ್ಷರಗಳು ಉಳಿದವು. ಈಗ ಅವನ್ನೇ ಚೀನೀ ಉಚ್ಚಾರದಲ್ಲಿ ಕಾವೊಶ್ಯುಂಗ್ ಎಂದು ಓದುತ್ತಾರೆ. ಮೊದಲು ಆ ಹೆಸರನ್ನು ಉಸುರಿದವರ ಧ್ವನಿ ಎರಡು ದಾಟಿನಲ್ಲಿ ಅಡಗಿಹೋಯಿತು. ಆ ಮೂಲನಿವಾಸಿಗಳ ಮುಖಂಡರನ್ನೂ 1897 ರಿಂದಲೇ ಜಪಾನಿಗೆ ಪ್ರವಾಸಕ್ಕೆ ಕರೆದೊಯ್ದುದುಂಟು. ಕಾರ್ಖಾನೆಗಳನ್ನೂ ಸೇನೆಯನ್ನೂ ಕಂಡು ಅಂಜಲೆಂದು.

1940 ರಲ್ಲಿ ಈ ಯಾತ್ರೆಗಳು ತುತ್ತತುದಿಯನ್ನು ಮುಟ್ಟಿದವು. ಪುರಾಣಪುರುಷನಾದ ಜಿಮ್ಮು ಚಕ್ರವರ್ತಿ ಪಟ್ಟವೇರಿ 2600 ವರ್ಷವಾಯಿತೆಂದು ಸರ್ಕಾರ ಘೋಷಿಸಲು, ಚೀನದಲ್ಲಿ ಘೋರ ಯುದ್ಧ ನಡೆಯುತ್ತಿದ್ದರೂ, ಲಕ್ಷಗಟ್ಟಲೆ ಜನ ಕಾಶಿಹಾರ ದೇವಾಲಯಕ್ಕೂ ಮಿಯಜಾಕಿಗೂ ರೈಲು ಹತ್ತಿದರು. ಐಷಾರಾಮವೇ ವೈರಿ ಎಂದು ಸಾರಿದ ವರ್ಷವೂ ಅದೇ. ಆದರೆ ದೇವಸ್ಥಾನಕ್ಕೆ ಹೋಗುವವನನ್ನು ಐಷಾರಾಮಿಯೆನ್ನುವ ಧೈರ್ಯ ಯಾರಿಗಿದ್ದೀತು! ಮಿಯಜಾಕಿಯಲ್ಲಿ ಆ ವರ್ಷ ಸುಮಾರು 37 ಮೀಟರ್ ಎತ್ತರದ ಸ್ತಂಭವೊಂದು ಎದ್ದಿತು. ಜಗತ್ತೆಲ್ಲ ಒಂದೇ ಸೂರಿನಡಿ ಎಂಬರ್ಥದ ನಾಲ್ಕು ಅಕ್ಷರಗಳನ್ನು ಅದರ ಮೇಲೆ ಕೆತ್ತಿದರು. ಬುಡಕ್ಕೆ ಕಲ್ಲುಗಳು ಬಂದುದು ಕೊರಿಯ, ತೈವಾನ್, ಚೀನಗಳಿಂದಲೂ ಸಹ.

ಯುದ್ಧ ಸೋತ ಮೇಲೆ ಆ ಅಕ್ಷರಗಳನ್ನು ತೆಗೆದರು. 1965 ರಲ್ಲಿ ಮತ್ತೆ ಕೂಡಿಸಿದರು. ಇಂದು ಆ ಸ್ತಂಭಕ್ಕೆ ಶಾಂತಿಸ್ತಂಭವೆಂದು ಹೆಸರು, ಸುತ್ತಲೂ ಉದ್ಯಾನವನ. ಪರದೇಶಗಳಿಂದ ಬಂದ ಆ ಕಲ್ಲುಗಳು ಈಗಲೂ ಅದರ ಬುಡದಲ್ಲಿಯೇ ಇವೆ.